ಪಟ್ಟಿಯಲ್ಲಿ ಬರೆಯದ ಬೋಗುಣಿ

2000ನೇ ಇಸವಿಯ ಅಕ್ಟೋಬರ್ ಎರಡನೇ ವಾರ, ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿಗೆ ಮಕ್ಕಳ ಕ್ಲಿನಿಕ್‌ನಿಂದ ಫೋನ್ ಬಂತು. ಒಂದೂವರೆ ವರ್ಷದ ನನ್ನ ಮಗಳ ರಕ್ತದಲ್ಲಿ ಸೀಸದ ಪ್ರಮಾಣ ಹತ್ತೊಂಬತ್ತು. ಹತ್ತರೊಳಗೆ ಇರಬೇಕು ಎಂದರು ನರ್ಸ್. ನಾನೂ ಮಗಳೂ ಧಾರವಾಡದಿಂದ ಬಂದು ಐದು ತಿಂಗಳಾಗಿತ್ತು.

ಸೀಸ ಎಳೆಯ ಮಕ್ಕಳ ಮೆದುಳಿಗೆ ತಾಗುತ್ತದೆ, ಮಾತು ಕಲಿಯುವುದು ತಡವಾಗಬಹುದು ಎಂದು ಡಾಕ್ಟರ್ ವಿವರಿಸಿದರು. ಮಗಳಿಗೆ ಆಗ ಬರುತ್ತಿದ್ದದ್ದು ಎರಡು ಶಬ್ದ: ಅವ್ವ, ನೀರು. ನನ್ನ ಗಂಡ ಮೈಸೂರಿನವರು, ನಮಗಿಂತ ಒಂದು ವರ್ಷ ಮೊದಲೇ ಬಂದಿದ್ದ ಎಂಜಿನಿಯರ್. ಕಾರಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ನಾನೂ ಮೂರು ವರ್ಷದವರೆಗೂ ಮಾತಾಡಿರ್ಲಿಲ್ವಂತೆ ಕಣೇ." ಅದು ನಿಜವೋ ಅಲ್ಲವೋ ಎಂದು ನಾನು ಅವರ ಅಮ್ಮನನ್ನು ಕೇಳಲಿಲ್ಲ.

ಮುಂದಿನ ವಾರ ಕೌಂಟಿ ಆರೋಗ್ಯ ಇಲಾಖೆಯ ಮಹಿಳೆಯೊಬ್ಬರು ಬಂದರು. ಕಿಟಕಿಯ ಬಣ್ಣ, ನಲ್ಲಿಯ ನೀರು, ಕಾರ್ಪೆಟ್‌ನ ಧೂಳು ಎಲ್ಲದರ ಸ್ಯಾಂಪಲ್ ತೆಗೆದುಕೊಂಡರು. ಕಟ್ಟಡ ಹೊಸದು, ಬಣ್ಣದಲ್ಲಿ ಏನೂ ಸಿಗಲಾರದು ಎಂದು ಅವರೇ ಹೇಳಿದರು. ಆಮೇಲೆ ನನ್ನ ಮುಂದೆ ಒಂದು ಖಾಲಿ ಹಾಳೆ ಇಟ್ಟರು.

"ಮ್ಯಾಮ್, ನಿಮ್ಮ ದೇಶದಿಂದ ತಂದಿದ್ದು, ಮಗುವಿನ ಮೈಗೆ, ಕಣ್ಣಿಗೆ, ಹೊಟ್ಟೆಗೆ ಹೋಗೋದು. ಎಲ್ಲಾ ಬರೀರಿ. ಚಿಕ್ಕದು ಅಂತ ಬಿಡಬೇಡಿ."

ಧಾರವಾಡದಲ್ಲಿ ನಾನು ಆರು ವರ್ಷ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು. ಹೊಸ ಊರಿನಲ್ಲೂ ಪಟ್ಟಿ ಬರೆಯುವುದೇ ನನ್ನ ದಿನಚರಿಯಾಗಿತ್ತು. ಡ್ರೈವಿಂಗ್ ಬರುತ್ತಿರಲಿಲ್ಲ, ಅಂಗಡಿಯವರೆಗೆ ಫುಟ್‌ಪಾತ್ ಇರಲಿಲ್ಲ. ಹಾಗಾಗಿ ಗಂಡ ಆಫೀಸಿನಿಂದ ಬರುವಷ್ಟರಲ್ಲಿ ಏನು ತರಬೇಕು, ಯಾರಿಗೆ ಫೋನ್ ಮಾಡಬೇಕು, ಯಾವ ಫಾರ್ಮ್ ತುಂಬಬೇಕು ಎಂದು ಬರೆದಿಡುತ್ತಿದ್ದೆ. ಈ ಪಟ್ಟಿಯನ್ನೂ ಹಾಗೆಯೇ ಕ್ರಮವಾಗಿ ಬರೆದೆ. ಕಾಡಿಗೆ, ಕುಂಕುಮ, ಅರಿಸಿನ, ಬಜೆ, ಬಾಲಗ್ರಹದ ಗುಳಿಗೆ, ಸಾರಿನ ಪುಡಿ. ಬರೆದ ಒಂದೊಂದನ್ನೂ ಅವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಚೀಟಿ ಅಂಟಿಸಿ ತೆಗೆದುಕೊಂಡು ಹೋದರು.

ಒಲೆಯ ಮೇಲೆ ಹಿತ್ತಾಳೆಯ ಬೋಗುಣಿ ಇತ್ತು. ಊರು ಬಿಡುವ ವಾರ ಕಲಾಯಿ ಹಾಕಿಸಿ, ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದು. ಹುಣಸೆ ಹಿಂಡಿದ ಸಾರು ದಿನವೂ ಅದರಲ್ಲೇ ಕುದಿಯುತ್ತಿತ್ತು, ಮಗಳ ಅನ್ನಕ್ಕೆ ಕಲಸುತ್ತಿದ್ದದ್ದೂ ಅದೇ ಸಾರು. ಅದನ್ನು ನಾನು ಬರೆಯಲಿಲ್ಲ. ಮರೆತೆ ಎಂದರೆ ಪೂರ್ತಿ ನಿಜವಾಗದು. ಅದನ್ನೂ ಒಯ್ದರೆ ನಾಳೆ ಸಾರಿಗೆ ಏನು ಮಾಡಲಿ ಎಂಬ ಯೋಚನೆ ಬಂದದ್ದು ನೆನಪಿದೆ. ಪೆನ್ನಿನ ಮುಚ್ಚಳ ಹಾಕಿ ಹಾಳೆ ಕೊಟ್ಟೆ.

ಮೂರು ವಾರಗಳ ನಂತರದ ರಕ್ತಪರೀಕ್ಷೆಯಲ್ಲಿ ಇಪ್ಪತ್ತಮೂರು ಬಂತು. ಚೀಲಗಳಲ್ಲಿ ಹೋದ ಯಾವುದರಲ್ಲೂ ಗಣನೀಯ ಸೀಸ ಸಿಕ್ಕಿರಲಿಲ್ಲ.

ಮೇಲಿನ ಮನೆಯಲ್ಲಿ ಚೀನಾದಿಂದ ಬಂದ ಒಬ್ಬಾಕೆ ಇದ್ದಳು. ನನ್ನ ಹಾಗೆಯೇ ಗಂಡನ ಹಿಂದೆ ಬಂದವಳು, ನನಗಿಂತ ಎರಡು ತಿಂಗಳು ಹೊಸಬಳು. ಲಾಂಡ್ರಿ ಕೋಣೆಯಲ್ಲಿ ಪರಿಚಯ. ಇಬ್ಬರದೂ ತುಂಡು ಇಂಗ್ಲಿಷ್, ಉಳಿದದ್ದು ಕೈಸನ್ನೆ. ಅವಳ ಮಗುವಿಗೂ ಅದೇ ಕ್ಲಿನಿಕ್, ಅದೇ ಪರೀಕ್ಷೆ. ಹೊಸದಾಗಿ ಬಂದವರ ಮಕ್ಕಳಿಗೆಲ್ಲ ಮಾಡುತ್ತಿದ್ದರು. ಅವಳ ಮಗುವಿನದು ಹನ್ನೆರಡು ಇದ್ದದ್ದು ಏಳಕ್ಕೆ ಇಳಿದಿತ್ತು.

"ನಾನು ಎಲ್ಲಾ ಕೊಟ್ಟೆ," ಎಂದಳು ಬಟ್ಟೆ ಮಡಚುತ್ತ. "ಬೇರಿನ ಪುಡಿ, ಬಟ್ಟಲು, ಅತ್ತೆ ಕೊಟ್ಟ ಸೂಪ್ ಪಾತ್ರೆ. ಅತ್ತೆ ಫೋನಲ್ಲಿ ಬೈದಳು, ಬೈಯಲಿ, ದೂರ ಇದ್ದಾಳೆ!" ನಕ್ಕಳು. "ನೀನು? ಪಾತ್ರೆ ಕೊಟ್ಟೆಯಾ?"

ನಾನು ಮಗಳ ಬಟ್ಟೆಗಳನ್ನು ಬುಟ್ಟಿಗೆ ತುಂಬಿಕೊಂಡು ಮನೆಗೆ ಬಂದೆ. ಕಲಾಯಿ ಹಾಕಿಸುವಾಗ ಅವ್ವ ಯಾವಾಗಲೂ ತಿದಿಯ ಪಕ್ಕದಲ್ಲೇ ನಿಲ್ಲುತ್ತಿದ್ದಳು. "ಕಣ್ಣ ಮುಂದ ತವರ ಹಾಕಿಸಬೇಕವಾ, ಇಲ್ಲಾಂದ್ರ ಸೀಸ ಬೆರಸ್ತಾರ," ಎನ್ನುತ್ತಿದ್ದಳು. ಈ ಬೋಗುಣಿಗೆ ಹಾಕಿಸಿದ ದಿನ ಅವ್ವನಿಗೆ ಜ್ವರ. ಕಲಾಯಿಯವನಿಗೆ ಪಾತ್ರೆ ಕೊಟ್ಟವಳು ನಾನು. ಆಫೀಸಿನಲ್ಲಿ ಬೀಳ್ಕೊಡುಗೆ ಇತ್ತು, ನಿಲ್ಲದೆ ಹೋದೆ. ಸಂಜೆ ಬಂದು ಹೊಳೆಯುವ ಬೋಗುಣಿ ತೆಗೆದುಕೊಂಡೆ.

ಗಂಡ ಬಂದು ಶೂ ಬಿಚ್ಚುವ ಮೊದಲೇ ಹೇಳಿದೆ. "ಬೋಗುಣಿ ನಾ ಪಟ್ಟಿಯೊಳಗ ಬರದಿಲ್ರಿ."

"ಮರೆತ್ಯಾ?"

"ಇಲ್ರಿ."

ಅವರು ಒಲೆಯ ಕಡೆ ನೋಡಿದರು. "ಇವತ್ತೂ ಅದ್ರಲ್ಲೇ ಮಾಡಿದ್ಯಾ?"

"ಮಧ್ಯಾಹ್ನ ಮಾಡೀನಿ. ಆಕಿ ಉಂಡಾಳ."

ಅವರು ಒಲೆಯ ಮೇಲಿದ್ದ ಸಾರನ್ನು ಸಿಂಕಿಗೆ ಚೆಲ್ಲಿದರು. ಮರುದಿನ ಬೆಳಿಗ್ಗೆ ನಾನು ಇಲಾಖೆಗೆ ಫೋನ್ ಮಾಡಿದೆ. ಅದೇ ಮಹಿಳೆ ಬಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಿದೆ. ಅವರು ತಮ್ಮ ಫಾರ್ಮಿನಲ್ಲಿ ಬರೆದುಕೊಂಡು ಬೋಗುಣಿಯನ್ನು ಒಯ್ದರು. ಏನು ಬರೆದರೆಂದು ನಾನು ನೋಡಲಿಲ್ಲ.

ಬೋಗುಣಿಯ ಒಳಮೈಯ ಕಲಾಯಿಯಲ್ಲಿ ಹೆಚ್ಚಿನ ಪಾಲು ಸೀಸವೇ ಇತ್ತೆಂದು ಡಿಸೆಂಬರ್‌ನಲ್ಲಿ ವರದಿ ಬಂತು. ಅವ್ವನಿಗೆ ಫೋನಿನಲ್ಲಿ ತಿಳಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಂವಾ ಹಾಕೂ ಮುಂದ ನೀ ನಿಂತಿದ್ದಿಲ್ಲೇನವಾ?"

ಮಗಳ ರಕ್ತದಲ್ಲಿನ ಸೀಸ ಫೆಬ್ರವರಿಗೆ ಹದಿನೇಳಕ್ಕೆ, ಬೇಸಿಗೆಗೆ ಹದಿಮೂರಕ್ಕೆ ಇಳಿಯಿತು. 2002ರ ಮಾರ್ಚ್‌ನ ಪರೀಕ್ಷೆಯಲ್ಲಿ ಎಂಟು. ಅದೇ ತಿಂಗಳು ಮಾತಿನ ತಜ್ಞೆ ಕೊಟ್ಟ ವರದಿಯ ಪ್ರಕಾರ, ಅವಳ ಮಾತು ವಯಸ್ಸಿಗಿಂತ ಹತ್ತು ತಿಂಗಳು ಹಿಂದಿದೆ. ಕಾರಣದ ಕಾಲಮ್ಮಿನಲ್ಲಿ, ಖಚಿತವಾಗಿ ಹೇಳಲಾಗದು ಎಂದಿದೆ.