ಅಕ್ಕಿ ಡಬ್ಬದ ಕಡೆಗೆ ಹೊರಳಿದ ಕಣ್ಣು

ಅತ್ತಿಗೆ, ಅಮ್ಮನ ಸರವನ್ನು ನೀವು ಕದ್ದಿರಲಿಲ್ಲ. ಇದು ನನಗೆ ಎಷ್ಟೋ ವರ್ಷಗಳಿಂದ ಗೊತ್ತು — ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ನನ್ನ ಪತ್ತೇದಾರ ರಂಗಧಾಮ ನಿಮಗೆ ನೆನಪಿರಬೇಕು. ಅವನ ಕಥೆಗಳನ್ನು ವಾರಪತ್ರಿಕೆಗೆ ಕಳಿಸುವ ಮೊದಲು ಓದುತ್ತಿದ್ದವರು ನೀವೊಬ್ಬರೇ. ಸವೆದ ಚಪ್ಪಲಿ, ತಪ್ಪಾಗಿ ಹಾಕಿದ ಅಂಗಿ ಗುಂಡಿ — ಅವನ ಕಣ್ಣಿಗೆ ಬೀಳದ್ದೇ ಇಲ್ಲ. ಕಳೆದ ವಸ್ತು ಸಿಕ್ಕಿತೆಂದು ಸುಳ್ಳು ಹೇಳಿ ಎಲ್ಲರ ಮುಖ ನೋಡುತ್ತ ನಿಲ್ಲುವುದು ಅವನ ದೊಡ್ಡ ತಂತ್ರ. ಬಚ್ಚಿಟ್ಟವನ ಕಣ್ಣು ಬಚ್ಚಿಟ್ಟ ಜಾಗಕ್ಕೇ ಓಡುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆಯೇ ನನ್ನ ಬಂಡವಾಳ. ನೀವು ಓದಿ ನಕ್ಕಿದ್ದಿರಿ — "ನಿಮ್ಮ ರಂಗಧಾಮ ಕಣ್ಣು ನೋಡ್ತಾನ, ಆ ಕಣ್ಣು ಯಾಕ ಹೊಳ್ಳಿತು ಅಂತ ಕೇಳಂಗಿಲ್ಲಲ್ರಿ." ಹುಬ್ಬಳ್ಳಿಯಿಂದ ಬಂದವರು ನನಗೆ ಕಥೆ ಹೇಳಿಕೊಡುವುದೇ ಎಂದು ಸಿಟ್ಟು ಬಂದಿತ್ತು.

ಆಮೇಲೆ ಅಮ್ಮನ ಅವಲಕ್ಕಿ ಸರ ಕಾಣೆಯಾಯಿತು. ಕೊಡಿಗೇಹಳ್ಳಿಯ ಈ ಹಳೆ ಮನೆಯಲ್ಲಿ ಇದ್ದವರು ಅಪ್ಪ, ಅಮ್ಮ, ಅಣ್ಣ, ನೀವು ಮತ್ತು ನಾನು. ಊಟಕ್ಕೆ ಕೂತಾಗ, "ಸರ ಸಿಕ್ತು ಕಣಮ್ಮ," ಎಂದೆ. ಬಡಿಸುತ್ತಿದ್ದ ನಿಮ್ಮ ಕಣ್ಣು ಅಡುಗೆಮನೆಯ ಅಕ್ಕಿ ಡಬ್ಬದ ಕಡೆ ಹೊರಳಿತು. ನಾನು ಎದ್ದುಹೋಗಿ ಎಲ್ಲರೆದುರು ಅಕ್ಕಿಯೊಳಗೆ ಕೈ ಹಾಕಿದೆ. ಸರ ಅಲ್ಲೇ ಇತ್ತು. ಆಗ ನನಗಾದ ಖುಷಿ — ಥೂ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನೇ?" ಎಂದಳು ಅಮ್ಮ. ನೀವು ಒಮ್ಮೆ ಅಪ್ಪನ ಕಡೆ ನೋಡಿದಿರಿ. ಅವರು ತಮ್ಮ ಪಾಡಿಗೆ ಅನ್ನ ಕಲೆಸುತ್ತಿದ್ದರು. ನೀವು ಅವರ ಅನ್ನಕ್ಕೆ ಸಾರು ಬಡಿಸಿದಿರಿ. ಆ ತಿಂಗಳೇ ಅಣ್ಣ ಅಟ್ಟೂರಿನಲ್ಲಿ ಬಾಡಿಗೆ ಮನೆ ಹಿಡಿದ.

ನೀವು ಹೋದ ಮೇಲೆ, ಒಂದು ಬೆಳಿಗ್ಗೆ, ಅಪ್ಪ ತಮ್ಮ ಕನ್ನಡಕವನ್ನು ಅದೇ ಅಕ್ಕಿಯೊಳಗೆ ಹೂಳುತ್ತಿದ್ದರು. "ಕಳ್ರು ಬರ್ತಾರೆ ಕಣೋ," ಎಂದರು. ಸರವನ್ನು ಅಲ್ಲಿಟ್ಟವರೂ ಅವರೇ ಎಂದು ಆಗ ಹೊಳೆಯಿತು. ಅಪ್ಪನ ಮರೆವು ನಿಮಗೆ ಮೊದಲೇ ಗೊತ್ತಿತ್ತು. ಕಾಣೆಯಾದ ಬೀಗದ ಕೈ, ಪೆನ್ನು, ಎಲೆಯಡಿಕೆ ಡಬ್ಬಿ ಯಾವಾಗಲೂ ನಿಮ್ಮ ಕೈಗೇ ಸಿಗುತ್ತಿದ್ದದ್ದು — ಅದನ್ನೂ ನಾನು ನಿಮ್ಮ ವಿರುದ್ಧದ ಸುಳಿವೆಂದೇ ಎಣಿಸಿದ್ದೆ. ಅಪ್ಪ ಸಿಕ್ಕಿಬಿದ್ದರೇನೋ ಎಂಬ ದಿಗಿಲಿಗೆ ನಿಮ್ಮ ಕಣ್ಣು ಹೊರಳಿತ್ತು.

ಕನ್ನಡಕ ಒರೆಸಿ ಅವರ ಕೈಗೆ ಕೊಟ್ಟೆ. ಯಾರಿಗೂ ಹೇಳಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆಯಲಿ, ಅಪ್ಪ ಹುಷಾರಾಗಲಿ... ಅಪ್ಪ ಹೋಗಿಯೇಬಿಟ್ಟರು. ರಂಗಧಾಮ ಮಾತ್ರ ಇಂದಿಗೂ ಸೋತಿಲ್ಲ. ಸೋಲುವುದಾದರೂ ಹೇಗೆ — ಕಳ್ಳ ಯಾರೆಂದು ಮೊದಲೇ ಗೊತ್ತುಮಾಡಿಕೊಂಡು ಆಮೇಲೆ ಅವನ ಕಣ್ಣು ಹೊರಳಿಸುವವನು ನಾನೇ ಅಲ್ಲವೇ.

ಇವತ್ತು ಅಪ್ಪನ ತಿಥಿ. ಯಲಹಂಕ ದಾಟಿದ್ದೀವಿ ಎಂದು ಅಣ್ಣ ಫೋನ್ ಮಾಡಿದ. ನೀವು ಬರುವ ದಿನವೆಲ್ಲ ಅಮ್ಮ ಬೀರುವಿಗೆ ಬೀಗ ಹಾಕಿಸುತ್ತಾಳೆ — ಹಾಕುವವನು ನಾನು. ಈಗಲೂ ಒಳಗಿನಿಂದ ಕೂಗುತ್ತಿದ್ದಾಳೆ, "ಬೀಗ ಹಾಕಿದ್ಯೇನೋ?"

ಹಾಕಿಲ್ಲ ಅತ್ತಿಗೆ. ನಿಮ್ಮನ್ನು ಎಲ್ಲರೆದುರು ಕಳ್ಳಿ ಮಾಡಿದ್ದೆ. ಇವತ್ತು ಹೇಳುವುದೂ ಎಲ್ಲರೆದುರೇ, ಊಟಕ್ಕೆ ಕೂತಾಗಲೇ. ಅಮ್ಮ ಬೈಯಲಿ, ಅಣ್ಣ ಮುಖ ತಿರುಗಿಸಲಿ. ಬೀರು ತೆರೆದೇ ಇರುತ್ತದೆ.