ನೀರಲ್ಲೂ ಸಾಯದ ಡಬ್ಬಿ

ಶ್ರಾವಣದ ಎರಡನೇ ರವಿವಾರ, ಬೆಳಿಗ್ಗೆ ಆರೂವರೆ, ನವಿಲುತೀರ್ಥದ ಹಿನ್ನೀರಿನ ದಂಡೆ. ಹಾಜರಿದ್ದವರು ನಾನು, ನನ್ನ ಅಕ್ಕ, ಮಗಳು ಮತ್ತು ಹಿಂದಿನ ಸಂಜೆ ಬೈಲಹೊಂಗಲದಿಂದ ಬಂದಿದ್ದ ಅಳಿಯ.

ಅಕ್ಕನ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಯಿತು. ಅಂದಿನಿಂದ ರವಿವಾರ ತಪ್ಪದೆ ಅವಳನ್ನು ಸವದತ್ತಿಯ ನಮ್ಮ ಮನೆಯಿಂದ ಇಲ್ಲಿಗೆ ಕರೆತರುತ್ತೇನೆ. ಅರ್ಧ ತಾಸು ಕಲ್ಲಿನ ಮೇಲೆ ಕೂತು ಕಿವಿಗೊಡುತ್ತಾಳೆ. ತೆರೆ, ಹಕ್ಕಿ, ದೂರದಲ್ಲಿ ಯಾರೋ ಎತ್ತಿಗೆ ಬೈಯುವುದು. "ನೀರು ಹ್ವಾದ ವಾರಕ್ಕಿಂತ ಮ್ಯಾಲ ಬಂದೈತಿ" ಎಂದು ಸದ್ದಿನಿಂದಲೇ ಹೇಳುತ್ತಾಳೆ. ವಾರವಿಡೀ ಅವಳು ಕಾಯುವುದು ಈ ಅರ್ಧ ತಾಸಿಗೆ.

ಅಳಿಯ ಚೀಲದಿಂದ ಬುತ್ತಿಡಬ್ಬಿಯಷ್ಟು ದೊಡ್ಡ ಸ್ಪೀಕರ್ ತೆಗೆದ. ಹಗ್ಗ ಕಟ್ಟಿ ನೀರಿಗೇ ಬಿಟ್ಟ. "ನೋಡ್ರಿ ಮಾವಾರ, ನೀರಾಗ ಬಿದ್ರೂ ಸಾಯೂದಿಲ್ಲ ಇದು!" ಡಬ್ಬಿ ತೇಲುತ್ತ ಸಿನಿಮಾ ಹಾಡು ಅಬ್ಬರಿಸತೊಡಗಿತು. ಬೆಳ್ಳಕ್ಕಿಗಳು ಎದ್ದು ಹೋದವು.

"ಅಳಿಯಾರ, ಸ್ವಲ್ಪ ಸಣ್ಣಗ ಮಾಡ್ರಿ" ಎಂದಳು ಅಕ್ಕ.

"ಇರ್ಲಿ ಬಿಡ್ರಿ ಅತ್ತಿ, ಬಯಲಾಗ ಯಾರಿಗೇನ ತ್ರಾಸ?"

ಅಕ್ಕ ಹತ್ತೇ ನಿಮಿಷಕ್ಕೆ ಎದ್ದಳು. "ನಡಿ ತಮ್ಮಾ, ಇವತ್ತ ಏನೂ ಇಲ್ಲ ಇಲ್ಲಿ."

ನಮ್ಮ ಕಡೆ ಅಳಿಯನಿಗೆ ಬೈಯುವ ಹಾಗಿಲ್ಲ. ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರನಾಗಿ ಸಾವಿರಾರು ಮಕ್ಕಳನ್ನು ಗದರಿಸಿದ ನಾನು ಬಾಯಿ ಮುಚ್ಚಿಕೊಂಡು ಗಾಡಿ ಹತ್ತಿದೆ. ಬೈಯುವ ಹಾಗಿಲ್ಲ, ಉಪಚಾರ ಮಾಡಬಹುದಲ್ಲ!

ಅವನು ಜಳಕಕ್ಕೆ ಹೋದಾಗ ಹಿತ್ತಲಲ್ಲಿ ನಿಂತು ನನ್ನ ದನಿಯನ್ನು ಫೋನಿನಲ್ಲಿ ತುಂಬಿಕೊಂಡೆ. ಅದನ್ನು ಡಬ್ಬಿಗೆ ಜೋಡಿಸಿಕೊಟ್ಟವಳು ಮಗಳು. ಗಂಡನ ಪರವಾಗಿ ಒಂದು ಮಾತೂ ಆಡಲಿಲ್ಲ. ಊಟಕ್ಕೆ ಹೋಳಿಗೆ. ಬೇಕೆಂದೇ ನಾನೇ ಮುಂದೆ ನಿಂತು ತುಪ್ಪ ಹೆಚ್ಚು ಬಡಿಸಿದೆ. ಒಂದೂ ಮುಕ್ಕಾಲಿಗೆ ಅಳಿಯ ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನ ತಲೆಯ ಹತ್ತಿರವೇ ಎಮ್ಮೆ ನೀರು ಕುಡಿಯುವ ಕಲ್ಲಿನ ತೊಟ್ಟಿ. ಡಬ್ಬಿಯನ್ನು ಅದರಲ್ಲಿ ತೇಲಿಬಿಟ್ಟು, ಸದ್ದನ್ನು ತುದಿಗೆ ಏರಿಸಿದೆ.

"ಸಾವಧಾನ್!"

ಅಳಿಯ ಹೊರಸಿನಿಂದ ನೆಟ್ಟಗೆ ನೆಲಕ್ಕೆ ಬಂದ. "ವಿಶ್ರಾಮ್!" ಎಮ್ಮೆ ಹಗ್ಗ ಜಗ್ಗಿತು. "ಸಾವಧಾನ್!"

"ಏನ್ರಿ ಮಾವಾರ ಇದು! ಕಣ್ಣಿಗೆ ನಿದ್ದಿ ಹತ್ತಿತ್ತಲ್ರಿ!"

"ನೀರಾಗ ಸಾಯೂದಿಲ್ಲ ಅಂದ್ರಲ್ಲ, ಖಾತ್ರಿ ಮಾಡಿಕೊಂಡ್ನಿ. ಬಯಲಾಗ ಯಾರಿಗೇನ ತ್ರಾಸ ಬಿಡ್ರಿ."

ಒಳಗಿನಿಂದ ಅಕ್ಕನ ನಗು ಕೇಳಿಸಿತು. ಅಳಿಯ ಅತ್ತ ನೋಡಿದ, ಕಿವಿ ಕೆಂಪಾದವು. ಇನ್ನೂ ಎರಡು ಸಲ "ಸಾವಧಾನ್" ಕೂಗಿಸಿದ ಮೇಲೆಯೇ ನಿಲ್ಲಿಸಿದೆ. ನನಗೇನೂ ಪಶ್ಚಾತ್ತಾಪವಿಲ್ಲ.

ಐದಕ್ಕೆ ಅವನೇ ಗಾಡಿ ತೆಗೆದ. "ಅತ್ತಿ, ಬರ್ರಿ, ದಂಡಿಗೆ ಹೋಗೂಣು. ಅದನ್ನ ತರೂದಿಲ್ಲ." ಅಕ್ಕ ತನ್ನ ಕಲ್ಲಿನ ಮೇಲೆ ಪೂರ್ತಿ ಅರ್ಧ ತಾಸು ಕೂತಳು. ಅಳಿಯ ಕೆಮ್ಮು ಬಂದರೂ ದೂರ ಹೋಗಿ ಕೆಮ್ಮಿದ.

ಮನೆಗೆ ಬಂದು ಡಬ್ಬಿಯನ್ನು ಒಣ ಅರಿವೆಯಿಂದ ಒರೆಸಿ, ಅವನ ಚೀಲದ ತಳಕ್ಕೆ, ಬಟ್ಟೆಗಳ ಕೆಳಗೆ ಇಟ್ಟು, ಜಿಪ್ ಎಳೆದೆ.