ಗಿಟಾರನ್ನು ಗದ್ದಲವೆಂದ ಯಂತ್ರ

ಕಿವಿಯ ಮೆಷಿನ್ ಮನೆಗೆ ಬಂದು ವಾರ ಕಳೆಯುವುದರೊಳಗೆ ನಮ್ಮ ಯಜಮಾನರು ಅದನ್ನು ಕಳಚಿ, ಡಬ್ಬಿಯಲ್ಲಿಟ್ಟು, ದೇವರ ಗೂಡಿನ ಪಕ್ಕದ ಷೆಲ್ಫಿಗೆ ಏರಿಸಿಬಿಟ್ಟರು.

"ಇನ್ ನಂಗೆ ಬ್ಯಾಡ ಇದು."

"ಯಾಕೆ, ನೋಯುತ್ತಾ?"

"ನೋವಲ್ಲ. ಪಾಟು ಸತ್ತೋಗೈತೆ."

ಪಾಟು ಅಂದರೆ ಹಾಡು. ಸೇಲಂನಲ್ಲಿರುವ ನಮ್ಮಂಥ ಮನೆಗಳಲ್ಲಿ ಕನ್ನಡದೊಳಗೆ ತಮಿಳು ಬೆರೆತಿರುವುದು ಅನ್ನದೊಳಗೆ ಸಾರು ಬೆರೆತ ಹಾಗೆ, ಯಾರೂ ಬೇರ್ಪಡಿಸಿ ನೋಡುವುದಿಲ್ಲ. ಆದರೆ ಅವರು ಹೇಳುತ್ತಿದ್ದ ಪಾಟು ಕನ್ನಡದ್ದೂ ಅಲ್ಲ, ತಮಿಳಿನದ್ದೂ ಅಲ್ಲ. ಇಂಗ್ಲಿಷ್ ರಾಕ್. ಹರೂರು ಕಡೆಯ ರಾಗಿ, ಕಡಲೆಕಾಯಿ ಬೆಳೆಯುವ ಮನೆಯಲ್ಲಿ ಹುಟ್ಟಿ, ರೈಲ್ವೆಯಲ್ಲಿ ಟಿಕೆಟ್ ಕೊಟ್ಟು ರಿಟೈರ್ ಆದ ಮನುಷ್ಯನಿಗೆ ಅದೊಂದೇ ಹುಚ್ಚು.

ನನಗೆ ಹಾಡಿನ ಚಿಂತೆಗಿಂತ ಮನುಷ್ಯನ ಚಿಂತೆ ಹೆಚ್ಚಾಗಿತ್ತು. ಕಿವಿ ಮಂದವಾದ ಮೇಲೆ ಅವರು ಸ್ವಲ್ಪ ಸ್ವಲ್ಪವಾಗಿ ನಮ್ಮ ಮಾತಿನಿಂದ ಆಚೆ ಸರಿಯುತ್ತಿದ್ದರು. ಸಾಯಂಕಾಲ ಟೀ ಅಂಗಡಿಗೆ ಹೋಗುವುದು ನಿಂತಿತ್ತು. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡೇ ಉಂಡು ಏಳುತ್ತಿದ್ದರು. ಏನು ಕೇಳಿದರೂ "ಊಂ". ಮೆಷಿನ್ ಬಂದರೆ ಸರಿಹೋದೀತು ಅಂದುಕೊಂಡಿದ್ದೆ. ಅದೂ ಷೆಲ್ಫ್ ಹತ್ತಿದ ಮೇಲೆ ನನಗೆ ನಿಜವಾಗಿ ಭಯವಾಯಿತು. ಒಂದೇ ರೂಮಿನಲ್ಲಿ ಇದ್ದುಕೊಂಡು, ಇಷ್ಟು ವರ್ಷಗಳ ಮಾತು ಹೀಗೆ ಮುಗಿದುಹೋಗುತ್ತದೆಯೇ?

ನಾವಿರುವುದು ಮಗಳ ಮನೆಯಲ್ಲಿ. ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಗೆಗೆ ಬರುವುದು ತಮಿಳೇ. ಅವಳು ವಿಷಯ ಕೇಳಿ ನಕ್ಕಳು.

"ಅಜ್ಜಿ, ರಾಕೆಲ್ಲಾ ಇಪ್ಪೋ ಯಾರ್ ಕೇಕ್ಕುರಾಂಗ? ಅದು ಮ್ಯೂಸಿಯಂ. ಮ್ಯೂಸಿಯಂಗೋಸ್ಕರ ತಾತ ಸ್ಟ್ರೈಕಾ?"

"ಯಾರು ಕೇಳುತ್ತಾರೋ ನನಗೆ ಗೊತ್ತಿಲ್ಲ ಡಿಯರ್. ನಿನ್ನ ತಾತ ಕೇಳುತ್ತಾರೆ," ಅಂದೆ.

ನಾನೂ ಕೇಳಿದವಳೇ. ಏರ್ಕಾಡು ಬೆಟ್ಟದ ಮೇಲೆ ಬೋರ್ಡಿಂಗಿನಲ್ಲಿದ್ದಾಗ ಭಾನುವಾರ ಮಧ್ಯಾಹ್ನ ರೆಸ್ಟ್ ಆದ ಮೇಲೆ ಸಿಸ್ಟರ್‌ಗಳು ಗ್ರಾಮಫೋನ್ ಹಾಕಲು ಬಿಡುತ್ತಿದ್ದರು. ವಾಲ್ಟ್ಸ್, ಹಿಮ್ಸ್, ಕ್ರಿಸ್ಮಸ್ ಕ್ಯಾರಲ್ಸ್, ಅಷ್ಟೇ. ಕಾಫಿ ಎಸ್ಟೇಟಿನ ಒಬ್ಬ ಹುಡುಗಿ ರಜೆ ಮುಗಿಸಿ ಬರುವಾಗ ಹಿಮ್ಸ್ ರೆಕಾರ್ಡಿನ ಕವರಿನೊಳಗೆ ರಾಕ್ ರೆಕಾರ್ಡ್ ಒಂದನ್ನು ಅಡಗಿಸಿ ತಂದಳು. ಕಿಟಕಿಯ ಹತ್ತಿರ ಸ್ವೆಟರ್ ಹೆಣೆಯುತ್ತಿದ್ದ ಸಿಸ್ಟರ್ ಮೊದಲ ಡ್ರಮ್ ಪೆಟ್ಟಿಗೇ ತಲೆ ಎತ್ತಿ, "ಗರ್ಲ್ಸ್, ಈಸ್ ದ ಮೆಷಿನ್ ಬ್ರೋಕನ್?" ಎಂದು ಕೇಳಿದರು. "ಯೆಸ್ ಸಿಸ್ಟರ್," ಎಂದು ನಾವೆಲ್ಲ ಒಂದೇ ದನಿಯಲ್ಲಿ ಹೇಳಿದೆವು. ರಿಪೇರಿ ಮಾಡುವವರಂತೆ ಸುತ್ತ ಬಗ್ಗಿ ನಿಂತು ಆ ಹಾಡನ್ನು ಪೂರ್ತಿ ಕೇಳಿದೆವು. ಹೊರಗೆ ಮಂಜು, ಒಳಗೆ ಉಣ್ಣೆಯ ವಾಸನೆ, ಎದೆಯಲ್ಲಿ ಆ ಪೆಟ್ಟು. ಈಗಲೂ ಮಂಜು ಕಂಡರೆ ನನ್ನ ಕಾಲಿನ ಹೆಬ್ಬೆರಳು ತಾನೇ ತಾಳ ಹಾಕುತ್ತದೆ.

ಆಮೇಲೆ ಮದುವೆ. ಹುಡುಗ ಮೊರಪ್ಪೂರು ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್, ಗೌರ್ಮೆಂಟು, ಸಾಧು, ಮಾತು ಕಮ್ಮಿ. ಇಷ್ಟು ಹೇಳಿದ್ದರು. ಕಾನ್ವೆಂಟಿನ ಹುಡುಗಿಯನ್ನು ರಾಗಿಮುದ್ದೆಯ ಮನೆಗೆ ಕೊಡುತ್ತಿದ್ದಾರೆ ಎಂದು ನನ್ನ ಗೆಳತಿಯರು ಮರುಕಪಟ್ಟಿದ್ದರು, ನಾನೂ ಸ್ವಲ್ಪ ಪಟ್ಟಿದ್ದೆ. ಕ್ವಾರ್ಟರ್ಸಿಗೆ ಹೋಗಿ ನೋಡಿದರೆ ಮೂಲೆಯ ಸ್ಟೂಲಿನ ಮೇಲೆ, ಟವೆಲ್ ಹೊದ್ದುಕೊಂಡು ಒಂದು ರೆಕಾರ್ಡ್ ಪ್ಲೇಯರ್! ಜೋಲಾರ್‌ಪೇಟೆಯ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬರು ದೇಶ ಬಿಟ್ಟು ಹೋಗುವಾಗ ಇವರಿಗೆ ಕೊಟ್ಟದ್ದು. ಜೊತೆಗೆ ಮೂರು ರೆಕಾರ್ಡು. ಮೂರೂ ರಾಕ್.

ಅದರಲ್ಲಿನ ಇಂಗ್ಲಿಷು ಇವರಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ.

"ಏನ್ ಅಂತಾವ್ನೆ ಇವ್ನು?"

"ಅವನ ಹುಡುಗಿ ಬಿಟ್ಟುಹೋದಳಂತೆ."

"ಅಷ್ಟುಕ್ಕೇ ಇಷ್ಟ್ ಕೂಗಾಟನಾ? ನಮ್ಮೂರಾಗೆ ಎಮ್ಮೆ ತಪ್ಪಿಸ್ಕಂಡ್ರೂ ಇಂಗೆ ಕೂಗಾಕಿಲ್ಲ."

"ಬೇಡವಾದರೆ ನಿಲ್ಲಿಸಿ."

"ಬ್ಯಾಡ ಅಂದ್ನಾ? ಕೂಗ್ಲಿ ಬಿಡು ಲೇ. ಕೂಗೋದು ಚೆಂದಾಗೈತೆ."

ಸ್ಟೇಷನ್ ಪಕ್ಕದ ಮನೆಯಲ್ಲಿ ರೆಕಾರ್ಡ್ ಕೇಳುವುದೂ ಒಂದು ಕಸುಬು. ಗೂಡ್ಸ್ ಹೋದರೆ ನೆಲ ನಡುಗಿ ಸೂಜಿ ಹಾರುತ್ತಿತ್ತು. ಯಾವ ಗಾಡಿ ಎಲ್ಲಿದೆ ಎಂಬುದು ಇವರ ತಲೆಯೊಳಗೇ ಇದ್ದುದರಿಂದ, ಎರಡು ಗಾಡಿಗಳ ನಡುವೆ ಹಿಡಿಸುವ ಹಾಡನ್ನು ಆರಿಸಿ ಹಾಕುತ್ತಿದ್ದರು. ಗೂಡ್ಸ್ ಲೇಟಾಗಿ ಬಂದುಬಿಟ್ಟರೆ ಒಬ್ಬರು ಓಡಿಹೋಗಿ ಸೂಜಿಯ ಕೈಯನ್ನು ಮೆಲ್ಲಗೆ ಎತ್ತಿ ಹಿಡಿಯಬೇಕು. ವ್ಯಾಗನ್ನುಗಳೆಲ್ಲ ದಾಟುವವರೆಗೆ ನಾವಿಬ್ಬರೂ ಉಸಿರು ಬಿಗಿಹಿಡಿದು, ಮುಖ ಮುಖ ನೋಡಿಕೊಂಡು, ನಗು ತಡೆದುಕೊಂಡು ನಿಲ್ಲುತ್ತಿದ್ದೆವು. ನಮ್ಮ ರೊಮ್ಯಾನ್ಸ್ ಅಂದರೆ ಅದೇ.

ನಮ್ಮ ಅತ್ತೆ ಔಷಧಿಗೆಂದು ಬಂದು ಜೊತೆಗಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಗೊತ್ತಿರಲಿಲ್ಲ. ಧರ್ಮಪುರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗೆಲ್ಲ ಇವರು ಬೆಂಚಿನ ಪಕ್ಕದಲ್ಲಿ ನಿಂತು, ಡಾಕ್ಟರು ತಮಿಳಿನಲ್ಲಿ ಹೇಳಿದ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಅವ್ವ ಇರುವವರೆಗೂ ಅದೇ ಅವರ ಕೆಲಸ.

ಇರಲಿ, ಮೆಷಿನ್ ವಿಷಯಕ್ಕೆ ಬರುತ್ತೇನೆ. ಮೆಷಿನ್ ಹಾಕಿಕೊಂಡರೆ ಹಾಡು ಹೇಗೆ ಕೇಳುತ್ತದೆ ಎಂದು ನಾನು ಪೀಡಿಸಿ ಕೇಳಿದೆ. "ಆಡೋನು ಬತ್ತಾನೆ, ಗಿಟಾರು ಬತ್ತಾನೇ ಇಲ್ಲ. ಬಂದಂಗ್ ಆಗ್ತೈತೆ, ಯಾರೋ ಬಾಯಿ ಮುಚ್ಚಿ ಒಳಿಕ್ಕೆ ಎಳ್ಕಂಡೋಗ್ತಾರೆ," ಎಂದರು. ಇದು ಮುನಿಸಲ್ಲ, ಇನ್ನೇನೋ ಇದೆ ಅನ್ನಿಸಿತು. ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ.

ಅಲ್ಲಿ ಕಿವಿ ಪರೀಕ್ಷೆ ಮಾಡುವುದು ಹೊಸದಾಗಿ ಕೆಲಸಕ್ಕೆ ಸೇರಿದ ತಮಿಳು ಹುಡುಗಿ, ಬಿಳಿ ಕೋಟು, ಮುಗುಳ್ನಗೆಯ ಮುಖ. ಕಂಪ್ಯೂಟರ್ ನೋಡಿ ವಿವರಿಸಿದಳು: ಹೋದ ಸಲ ಪದಗಳ ಟೆಸ್ಟಿನಲ್ಲಿ ತಾತ ಮುಕ್ಕಾಲುಪಾಲು ತಪ್ಪು ಹೇಳಿದ್ದಾರೆ, ಮಾತು ತೀರ ಕಷ್ಟವಾದವರಿಗೆ ಹಾಕುವ ಸೆಟ್ಟಿಂಗ್ ಅದಕ್ಕೇ ಹಾಕಿದ್ದೇನೆ, ಮಾತಲ್ಲದ್ದನ್ನೆಲ್ಲ ಮೆಷಿನ್ ಗದ್ದಲ ಎಂದು ತಿಳಿದು ಅದುಮಿಬಿಡುತ್ತದೆ.

"ಗಿಟಾರೂ ಗದ್ದಲವಾ?" ಎಂದೆ.

"ಮೆಷಿನುಕ್ಕು ಅಪ್ಪಡಿತ್ತಾನ್ ಮಾ." ಮೆಷಿನ್ನಿಗೆ ಹಾಗೇ ಅಂತೆ.

ನನಗೆ ಸಿಟ್ಟು ಬಂದರೆ ಕಾನ್ವೆಂಟ್ ಇಂಗ್ಲಿಷ್ ಹೊರಗೆ ಬರುತ್ತದೆ. "ಕೈಂಡ್ಲಿ ಡೂ ದ ಟೆಸ್ಟ್ ಅಗೇನ್. ಐ ಷಲ್ ಸಿಟ್ ಇನ್‌ಸೈಡ್," ಎಂದು ಕುರ್ಚಿ ಎಳೆದುಕೊಂಡು ಕೂತೆ.

ಹುಡುಗಿ ತುಟಿ ಕಾಣದಂತೆ ಒಂದು ಕಾರ್ಡ್ ಅಡ್ಡ ಹಿಡಿದಳು. ಇವರು ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ ಕೂತರು.

"ಕದವು," ಎಂದಳು ಅವಳು.

"ಬಾಕ್ಲು," ಎಂದರು ಇವರು.

"ಪೂನೈ."

"ಬೆಕ್ಕು."

"ಮರುಂದು."

"ಔಸ್ದಿ."

ಹುಡುಗಿ ಒಂದೊಂದಕ್ಕೂ ತಪ್ಪು ಹಾಕುತ್ತಿದ್ದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

"ಯಾಕ್ ಲೇ ನಗ್ತೀಯ? ಸರ್ಯಾಗೇ ಯೋಳ್ತಾ ಇವ್ನಲ್ಲ!"

"ಅವಳು ಹೇಳಿದ್ದನ್ನೇ ತಿರುಗಿ ಹೇಳಬೇಕು ರೀ. ಕನ್ನಡಕ್ಕೆ ಮಾಡಬಾರದು."

"ಮಾಡ್ಬಾರ್ದಾ? ಡಾಕ್ಟ್ರು ತಮಿಳ್ನಾಗೆ ಯೋಳಿದ್ದು ಕನ್ನಡ್ದಾಗೆ ಯೋಳ್ದಿದ್ರೆ ಅವ್ವುಂಗೆ ಎಂಗ್ ಗೊತ್ತಾಗ್..."

ಅಲ್ಲಿಗೆ ನಿಲ್ಲಿಸಿ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿದ್ದುದು ನಾನು. ನಾಲ್ಕು ದಶಕದ ಹಿಂದೆ ತೀರಿಕೊಂಡ ತಾಯಿಗಾಗಿ ಆ ಬಾಯಿ ಇನ್ನೂ ಡ್ಯೂಟಿ ಮಾಡುತ್ತಿತ್ತು. ಬಿಳಿ ಕೋಟು ಕಂಡರೆ ಸಾಕು, ತಾನಾಗಿ ಶುರುವಾಗುತ್ತಿತ್ತು. ನಾನು ಸೆರಗನ್ನು ಬಾಯಿಂದ ತೆಗೆದೆ. ಆಮೇಲೆ ಅವರೇ ನಕ್ಕರು, ಹೊಟ್ಟೆ ಅಲುಗುವ ಹಾಗೆ.

ವಿಷಯ ತಿಳಿದ ಹುಡುಗಿ ಹಣೆ ಚಚ್ಚಿಕೊಂಡಳು. "ಅಯ್ಯೋ ತಾತಾ! ಎಲ್ಲಾಮೇ ತಪ್ಪುನ್ನು ಪೋಟ್ಟುಟ್ಟೇನೇ!"

ಮತ್ತೆ ಮೊದಲಿನಿಂದ ಟೆಸ್ಟ್ ಆಯಿತು. ಕಿವಿ ಮಂದ ನಿಜ, ಆದರೆ ಮೆಷಿನ್ ತಿಳಿದುಕೊಂಡಷ್ಟು ಅಲ್ಲ. ಹುಡುಗಿ ಮಾತಿಗೊಂದು, ಹಾಡಿಗೊಂದು ಸೆಟ್ಟಿಂಗ್ ಮಾಡಿಕೊಟ್ಟಳು. ಸಣ್ಣ ಬಟನ್ ಒತ್ತಿದರೆ ಮೆಷಿನ್ ಯಾವುದನ್ನೂ ಗದ್ದಲ ಎನ್ನದೆ ಬಂದದ್ದನ್ನು ಬಂದ ಹಾಗೆ ಬಿಡುತ್ತದಂತೆ.

ಮನೆಯಲ್ಲಿ ಹಳೆಯ ಪ್ಲೇಯರಿನ ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟು ಕರಗಿ ಗೋಂದಾಗಿ ಎಷ್ಟೋ ವರ್ಷ. ಮೊಮ್ಮಗಳು ಫೋನಿನಲ್ಲಿ ಆ ಮೂರು ರೆಕಾರ್ಡುಗಳಲ್ಲಿದ್ದ ಒಂದು ಹಾಡನ್ನು ಕಣ್ಣು ಮಿಟುಕಿಸುವುದರೊಳಗೆ ಹುಡುಕಿ, ತನ್ನ ಸ್ಪೀಕರ್ ತಂದು ಟೇಬಲ್ಲಿನ ಮೇಲಿಟ್ಟಳು. ಇವರು ಬಟನ್ ಒತ್ತಿ ಕಣ್ಣು ಮುಚ್ಚಿದರು. ನಾನು ಹಾಡನ್ನು ಕೇಳಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ.

"ಡ್ರಮ್ಮು ಬತ್ತಾ ಐತೆ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಗಿಟಾರೂ ಬಂತು. ವಸಿ ತೆಳ್ಳಗಾಗವ್ನೆ."

"ನಾವೂ ಆಗಿದ್ದೇವೆ."

ಹಾಡುವವನು ಇನ್ನೂ ಬಾಯಿ ತೆರೆದಿರಲಿಲ್ಲ, ಬರೀ ಗಿಟಾರು ನಡೆಯುತ್ತಿತ್ತು. ಮೊಮ್ಮಗಳ ಬೆರಳು ಫೋನಿನ ಕಡೆ ಹೋಯಿತು. "ತಾತಾ, ಇಂಟ್ರೋ ರೊಂಬ ನೀಳಂ. ಸ್ಕಿಪ್ ಪಣ್ಣಟ್ಟುಮಾ?"

"ಮುಟ್ಟಬ್ಯಾಡ ಅದ್ನ!"

ಎಷ್ಟೋ ತಿಂಗಳಿಂದ ಕೇಳದ ದನಿ. ಅಡಿಗೆಮನೆಯಿಂದ ಮಗಳು ಇಣುಕಿ ನೋಡಿದಳು.

"ಅಮ್ಮಾಡಿ, ಇವ್ವಳವು ಕೋಪಮಾ!" ಎಂದಳು ಮೊಮ್ಮಗಳು.

"ಅನ್ನ ಬೇಯೋಕ್ ಮುಂಚೆ ಎಲೆಗೆ ಬಡಿಸ್ಕಂತೀಯಾ? ಬೇಯ್ಲಿ, ಕುಂತ್ಕೋ ಲೇ."

ಅವಳು ಕೂತಳು. ಹಾಡು ಮುಗಿಯುವವರೆಗೂ ಕೂತಿದ್ದಳು, ನಡುವೆ ಎರಡು ಮೂರು ಸಲ ಫೋನ್ ನೋಡಿದ್ದು ಬಿಟ್ಟರೆ. ಕೊನೆಗೆ, "ನಾಟ್ ಬ್ಯಾಡ್. ಆನಾ ಎಲ್ಲಾರುಕ್ಕುಂ ಪಿಡಿಕ್ಕಾದು," ಎಂದಳು.

"ಎಲ್ಲಾರ್ಗೂ ಯಾಕ್ ಇಡಿಸ್ಬೇಕು?"

ಅವಳ ಮಾತು ಸುಳ್ಳಲ್ಲ. ಅವಳ ಕ್ಲಾಸಿನ ಹುಡುಗರು ರಾಕ್ ಬ್ಯಾಂಡುಗಳ ಚಿತ್ರವಿರುವ ಕಪ್ಪು ಟೀಷರ್ಟು ಹಾಕುತ್ತಾರೆ, ಆ ಬ್ಯಾಂಡಿನ ಒಂದು ಹಾಡು ಹೇಳು ಅಂದರೆ ತಲೆ ಕೆರೆಯುತ್ತಾರಂತೆ. ಅವಳ ಫೋನಿನಲ್ಲಿ ಪ್ರಪಂಚದ ಹಾಡೆಲ್ಲ ಇದೆ, ಯಾವುದಕ್ಕೂ ಕಾಯಬೇಕಾಗಿಲ್ಲ. ನಮಗೆ ಇದ್ದದ್ದು ಮೂರು ರೆಕಾರ್ಡು, ಅದಕ್ಕೂ ಗೂಡ್ಸಿನ ಅಪ್ಪಣೆ ಬೇಕಿತ್ತು. ಹಾಡು ದೊಡ್ಡದಾಗಿತ್ತೋ, ಕಾಯುವುದೇ ಅದನ್ನು ದೊಡ್ಡದು ಮಾಡಿತ್ತೋ, ನಾನು ಹೇಳಲಾರೆ. ಆ ಸಂಜೆ ಸ್ಪೀಕರಿನಿಂದ ಬಂದದ್ದು ನನಗೂ ಮೊರಪ್ಪೂರಿನ ಹಾಡಾಗಿರಲಿಲ್ಲ. ತುಂಬ ಕ್ಲೀನ್ ಆಗಿತ್ತು, ಎಲ್ಲೂ ನಡುಗಲಿಲ್ಲ. ಸ್ವಲ್ಪ ಬೇಜಾರಾಯಿತು. ಆದರೂ ಅದು ಒಬ್ಬ ಮುದುಕನನ್ನು ಕೂಗುವಂತೆ ಮಾಡಿತ್ತು, ಒಬ್ಬ ಹುಡುಗಿಯನ್ನು ಅವನ ಎದುರಿಗೆ ಕೂರಿಸಿ ವಾದಕ್ಕೆ ಇಳಿಸಿತ್ತು. ಒಂದು ಸಂಗೀತದಿಂದ ಇನ್ನೇನು ಆಗಬೇಕು?

ಆ ರಾತ್ರಿ ಊಟಕ್ಕೆ ಅವರು ಮೆಷಿನ್ ಹಾಕಿಕೊಂಡೇ ಕೂತರು. ಹಪ್ಪಳ ಕಡಿದು ಬೆಚ್ಚಿಬಿದ್ದರು. "ಬಂಡೆ ಒಡ್ದಂಗೈತೆ ಕಿವಿಯಾಗೆ," ಎಂದು ಬೈದರು, ಕಳಚಲಿಲ್ಲ. ಅಳಿಯನನ್ನು ಆಫೀಸಿನ ವಿಷಯ ಕೇಳಿದರು. ಮಾರನೆಯ ದಿನ ಟೀ ಅಂಗಡಿಗೆ ಹೋಗಿ ಬಂದರು. ಮೊಮ್ಮಗಳಿಂದ ಆ ಸ್ಪೀಕರನ್ನು ಸಾಲ ತೆಗೆದುಕೊಂಡವರು ವಾಪಸು ಕೊಡುವ ಮಾತೇ ಎತ್ತಲಿಲ್ಲ.

ಮೊನ್ನೆ ಸಂಜೆ ಅವಳು ಪುಸ್ತಕ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು. "ತಾತಾ, ನಾಳೈಕ್ಕು ಎಕ್ಸಾಮ್! ವಾಲ್ಯೂಮ್ ಕೊರೈಂಗ, ಪ್ಲೀಸ್!"

ಮೆಷಿನ್ ಕಿವಿಯಲ್ಲೇ ಇತ್ತು. ಹಸಿರು ದೀಪ ಮಿಣುಕುವುದು ನನಗೆ ಕಾಣುತ್ತಿತ್ತು. ಇವರು ಮಾತ್ರ ಏನೂ ಕೇಳಿಸದವರ ಹಾಗೆ, ಕಣ್ಣು ಮುಚ್ಚಿಕೊಂಡು ಕೂತಿದ್ದರು.